ಹಾರ್ಮೋನು ಅಪ್ಪಣೆ, ಅನ್ನವಲ್ಲ

ಮಾರ್ಚ್ ಬಂತೆಂದರೆ ವಾಷಿಂಗ್ಟನ್ ಸುತ್ತಲಿನ ಮೇರಿಲ್ಯಾಂಡ್, ವರ್ಜೀನಿಯಾ ಬಡಾವಣೆಗಳಲ್ಲಿ, ನಾರ್ತ್ ಕ್ಯಾರೊಲಿನಾದ ಕ್ಯಾರಿ, ಷಾರ್ಲಟ್ ಊರುಗಳಲ್ಲಿ, ಅಟ್ಲಾಂಟಾದ ಆಸುಪಾಸಿನಲ್ಲಿ ಕನ್ನಡಿಗರ ಮನೆಯ ಕಿಟಕಿಗಳ ಬಳಿ ಮೊಸರಿನ ಖಾಲಿ ಡಬ್ಬಿಗಳು ಸಾಲಾಗಿ ಬಂದು ಕೂರುತ್ತವೆ. ಹೊರಗೆ ಏಪ್ರಿಲ್ ಅರ್ಧ ಕಳೆಯುವವರೆಗೂ ಎಲೆ ಸುಡುವ, ಹೆಪ್ಪುಗಟ್ಟಿದ ಇಬ್ಬನಿಯ ಭಯ. ಆದ್ದರಿಂದ ಬದನೆ, ಮೆಣಸಿನಕಾಯಿ, ಹೀರೆ, ಅವರೆ ಬೀಜಗಳನ್ನು ಬೆಚ್ಚಗೆ ಒಳಗೇ ಮೊಳೆಯಿಸಿ, ಚಳಿ ಹೋದ ಮೇಲೆ ಹಿತ್ತಿಲಿಗೆ ನಾಟಿ ಮಾಡುವುದು ರೂಢಿ. ಮೊಳಕೆ ಬರುವ ತನಕ ಎಲ್ಲವೂ ಚೆನ್ನ. ಆಮೇಲೆ ನೋಡುನೋಡುತ್ತ ಸಸಿಗಳು ಉದ್ದಕ್ಕೆ ಎಳೆದುಕೊಂಡು, ಸಣಕಲಾಗಿ, ಬಣ್ಣಗೆಟ್ಟು ಒಂದು ಪಕ್ಕಕ್ಕೆ ವಾಲುತ್ತವೆ. ಮನೆಯವರು ಮೊದಲು ಕೇಳುವ ಪ್ರಶ್ನೆ: ಇದಕ್ಕೆ ಏನು ಹಾಕಬೇಕು?

ದಾವಣಗೆರೆಯ ಗೊಬ್ಬರದ ಅಂಗಡಿಯ ಮುಂದೆ ನಿಂತ ರೈತನೂ ಕೇಳುವುದು ಇದನ್ನೇ. ಸಸಿಮಡಿ ಸೊರಗಿದೆ, ಯಾವ ಟಾನಿಕ್ ಹೊಡೆಯಲಿ? ಎರಡೂ ಕಡೆ ಉತ್ತರವಾಗಿ ಒಂದು ಬಾಟಲಿ ಕೈಗೆ ಬರುತ್ತದೆ. ಅದರ ಮೇಲೆ ‘ಬೆಳವಣಿಗೆ’ ಎಂಬ ಪದ ದೊಡ್ಡದಾಗಿಯೂ ಒಳಗಿರುವ ರಾಸಾಯನಿಕದ ಹೆಸರು ಸಣ್ಣದಾಗಿಯೂ ಅಚ್ಚಾಗಿರುತ್ತದೆ. ಆದರೆ ಸೊರಗಿದ ಎಳೆಸಸಿಯ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ತನ್ನಲ್ಲಿ ಇದ್ದುದನ್ನು ಅದು ಯಾವುದಕ್ಕೆ ಖರ್ಚು ಮಾಡಿತು? ಯಾರ ಮಾತು ಕೇಳಿ ಖರ್ಚು ಮಾಡಿತು?

ಬೀಜದೊಳಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಇದೆ. ರಾಗಿ, ಭತ್ತ, ಜೋಳಗಳಲ್ಲಿ ಅದು ಮುಖ್ಯವಾಗಿ ಪಿಷ್ಟ. ಅವರೆ, ಕಡಲೆ, ಹುರುಳಿಯಲ್ಲಿ ಪಿಷ್ಟದ ಜತೆಗೆ ಧಾರಾಳ ಪ್ರೋಟೀನು. ಶೇಂಗಾ, ಹರಳು, ಸೂರ್ಯಕಾಂತಿಯಲ್ಲಿ ಎಣ್ಣೆ. ತೂಕಕ್ಕೆ ತೂಕ ನೋಡಿದರೆ ಎಣ್ಣೆಯಲ್ಲಿ ಪಿಷ್ಟದ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ. ಎಲೆ ಬಿಚ್ಚಿ, ಹಸಿರಾಗಿ, ಬಿಸಿಲಿನಿಂದ ತಾನೇ ಸಕ್ಕರೆ ಮಾಡಿಕೊಳ್ಳುವ ದಿನದವರೆಗೆ ಸಸಿಗೆ ಇದೊಂದೇ ಗತಿ. ಸಾವಿರ ರಾಗಿಕಾಳು ಸೇರಿದರೂ ಮೂರು ಗ್ರಾಂ ತೂಗುವುದು ಕಷ್ಟ. ಅಷ್ಟು ಪುಟ್ಟ ಕಾಳಿನ ಬುತ್ತಿ ಎಷ್ಟು ದಿನ ಬಾಳೀತು? ರಾಗಿಯನ್ನು ಆಳಕ್ಕೆ ಬಿತ್ತಬಾರದು ಎಂದು ಹಿರಿಯರು ಹೇಳಿದ್ದರ ಹಿಂದಿನ ಲೆಕ್ಕ ಇದೇ. ಮಣ್ಣಿನ ಮೇಲೆ ತಲೆಯೆತ್ತುವ ಮೊದಲೇ ಬುತ್ತಿ ಮುಗಿದರೆ ಸಸಿಯೂ ಮುಗಿಯಿತು.

ಒಣಬೀಜ ಉಸಿರಾಡುತ್ತದೆಯೇ ಎಂದು ಅನುಮಾನ ಬರುವಷ್ಟು ಕಡಿಮೆ ಉಸಿರಾಡುತ್ತದೆ. ನೀರು ಕುಡಿದ ಕೂಡಲೇ ಮೈಟೋಕಾಂಡ್ರಿಯಾಗಳು ಕೆಲಸಕ್ಕೆ ತೊಡಗುತ್ತವೆ. ಆಮ್ಲಜನಕ ಎಳೆದುಕೊಂಡು ಸಕ್ಕರೆಯನ್ನು ಒಡೆದು, ಜೀವಕೋಶದ ಚಿಲ್ಲರೆ ಹಣವಾದ ಎಟಿಪಿಯನ್ನು ತಯಾರಿಸುತ್ತವೆ. ಭತ್ತ ನೆನೆಹಾಕಿ ಗೋಣಿಚೀಲದಲ್ಲಿ ಮೊಳಕೆ ಕಟ್ಟಿದವರಿಗೆ ಇದು ಪುಸ್ತಕದ ವಿಷಯವಲ್ಲ. ಮಾರನೆಯ ದಿನ ಚೀಲದೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಆ ಬಿಸಿ ಕಾಳಿನ ಉಸಿರು, ಅಂದರೆ ಕಾಳಿನ ಖರ್ಚು. ಚೀಲವನ್ನು ತೆರೆಯದೆ, ನೀರು ಚಿಮುಕಿಸದೆ, ಇನ್ನೂ ಒಂದೆರಡು ದಿನ ಬಿಟ್ಟರೆ ಮೊಳಕೆ ಉದ್ದವಾಗುತ್ತದೆ, ಕಾಳು ಹುಳಿಯುತ್ತದೆ, ಬುತ್ತಿ ಚೀಲದಲ್ಲೇ ಕರಗುತ್ತದೆ.

ಈ ಖರ್ಚಿಗೆ ಅಪ್ಪಣೆ ಕೊಡುವವರು ಯಾರು? 1960ರಲ್ಲಿ ಜಪಾನಿನ ಯೋಮೊ ಮತ್ತು ಆಸ್ಟ್ರೇಲಿಯಾದ ಪ್ಯಾಲೆಗ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಒಂದೇ ಸಂಗತಿಯನ್ನು ಕಂಡರು. ಬಾರ್ಲಿಕಾಳಿನ ಮೊಳೆಯುವ ತುದಿಯನ್ನು ಕತ್ತರಿಸಿ ತೆಗೆದು ಉಳಿದರ್ಧವನ್ನು ನೀರಿನಲ್ಲಿಟ್ಟರೆ ಏನೂ ಆಗುವುದಿಲ್ಲ. ಪಿಷ್ಟ ಇದ್ದಂತೆಯೇ ಇರುತ್ತದೆ. ಆ ನೀರಿಗೆ ಅತ್ಯಲ್ಪ ಜಿಬ್ಬರೆಲಿಕ್ ಆಮ್ಲ ಸೇರಿಸಿದರೆ ಪಿಷ್ಟ ಕರಗಿ ಸಕ್ಕರೆಯಾಗತೊಡಗುತ್ತದೆ. ಭ್ರೂಣ ಇಲ್ಲ, ಬೆಳೆಯುವ ಸಸಿಯೂ ಇಲ್ಲ. ಕಣಜದ ಬಾಗಿಲು ಮಾತ್ರ ತೆರೆಯಿತು.

ಮುಂದಿನ ಕೆಲಸ ವಾಷಿಂಗ್ಟನ್ನಿನ ಪಕ್ಕದ ಬಾಲ್ಟಿಮೋರಿನಲ್ಲಿ ನಡೆಯಿತು. ವಿಮಾನ ತಯಾರಿಸುತ್ತಿದ್ದ ಮಾರ್ಟಿನ್ ಕಂಪನಿ ಅಲ್ಲೊಂದು ಮೂಲ ಸಂಶೋಧನಾ ಸಂಸ್ಥೆ ಕಟ್ಟಿತ್ತು. ಅಲ್ಲಿದ್ದ ಜೋಸೆಫ್ ವಾರ್ನರ್, ಕಾಳಿನ ಸಿಪ್ಪೆಯ ಒಳಗೆ ಪಿಷ್ಟವನ್ನು ಸುತ್ತುವರಿದಿರುವ ತೆಳು ಪದರಕ್ಕೆ ಕಣ್ಣಿಟ್ಟರು. ಭ್ರೂಣದಿಂದ ಹೊರಟ ಜಿಬ್ಬರೆಲಿನ್ ಈ ಪದರವನ್ನು ತಲುಪುತ್ತದೆ. ಪದರ ಅಮೈಲೇಸ್ ಎಂಬ ಕಿಣ್ವವನ್ನು ಹೊಸದಾಗಿ ತಯಾರಿಸುತ್ತದೆ. ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ. ಸಕ್ಕರೆ ಭ್ರೂಣಕ್ಕೆ ಮರಳುತ್ತದೆ. 1964ರಲ್ಲಿ ಈ ಕುರಿತು ವಾರ್ನರ್ ಪ್ರಕಟಿಸಿದ ಪ್ರಬಂಧದಲ್ಲಿ ಅವರ ಜತೆಗೆ ಜಿ. ರಾಮ್ ಚಂದ್ರ ಎಂಬ ಹೆಸರಿದೆ. ಕಿಣ್ವ ಮೊದಲೇ ಅಡಗಿ ಕೂತಿತ್ತೋ, ಅಪ್ಪಣೆ ಬಂದ ಮೇಲೆ ಹುಟ್ಟಿತೋ ಎಂಬ ಸಂಶಯ ಉಳಿದಿತ್ತು. 1967ರಲ್ಲಿ ಫಿಲ್ನರ್ ಮತ್ತು ವಾರ್ನರ್ ಭಾರದ ಆಮ್ಲಜನಕವಿರುವ ನೀರನ್ನು ಕಾಳಿಗೆ ಕುಡಿಸಿ, ಹುಟ್ಟಿದ ಕಿಣ್ವವೂ ಭಾರವಾಗಿರುವುದನ್ನು ತೋರಿಸಿ ಆ ಸಂಶಯ ತೀರಿಸಿದರು. ಕಿಣ್ವ ಅಪ್ಪಣೆಯ ನಂತರ ಹುಟ್ಟಿದ್ದೇ.

ನಮ್ಮ ತಾಯಂದಿರಿಗೆ ಜಿಬ್ಬರೆಲಿನ್ ಹೆಸರು ಗೊತ್ತಿರಲಿಲ್ಲ, ಅದರ ಕೆಲಸ ಗೊತ್ತಿತ್ತು. ಕೂಸಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸುತ್ತಾರೆ. ಮೊಳೆಯಿಸದ ರಾಗಿಹಿಟ್ಟು ನೀರಿನಲ್ಲಿ ಕುದಿದಾಗ ಬೇಗ ಗಟ್ಟಿಯಾಗುತ್ತದೆ. ಮಗು ನುಂಗಬೇಕಾದರೆ ನೀರು ಹೆಚ್ಚು ಸೇರಿಸಬೇಕು, ಆಗ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲದು. ಮೊಳೆತ ಕಾಳಿನಲ್ಲಿ ಅಮೈಲೇಸ್ ಹುಟ್ಟಿರುವುದರಿಂದ ಅದೇ ಅಳತೆಯ ಹಿಟ್ಟು ತೆಳುವಾಗಿ ಬೇಯುತ್ತದೆ. ಅಂದರೆ ಒಂದು ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ರಾಗಿ ಮಾಲ್ಟಿನ ಈ ಗುಣವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಕೂಸುಗಳ ಆಹಾರಕ್ಕೆ ಅದನ್ನು ಬಳಸುವ ದಾರಿ ತೋರಿದರು. ರಾಗಿ ತನ್ನ ಕೂಸಿಗೆಂದು ಕರಗಿಸಿದ ಪಿಷ್ಟವನ್ನು ನಮ್ಮ ಕೂಸಿಗೆ ಕೊಡುತ್ತೇವೆ, ಅಷ್ಟೇ. ಆದರೆ ಗಮನಿಸಿ: ಮೊಳೆಯಿಸಿದ್ದರಿಂದ ರಾಗಿಯ ಒಟ್ಟು ಶಕ್ತಿ ಹೆಚ್ಚಲಿಲ್ಲ. ಉಸಿರಾಟಕ್ಕೆ, ಬೇರಿಗೆ ಸ್ವಲ್ಪ ಹೋಗಿ ಕಾಳಿನ ಒಣತೂಕ ಕಡಿಮೆಯೇ ಆಯಿತು. ಹೆಚ್ಚಿದ್ದು ಆ ಶಕ್ತಿ ಕೈಗೆ ಸಿಗುವ ಸಲೀಸು.

ಬಾಗಿಲು ತೆರೆಯುವವರಿದ್ದ ಮೇಲೆ ಮುಚ್ಚುವವರೂ ಇರಬೇಕು. ಅಬ್ಸಿಸಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನು ಜಿಬ್ಬರೆಲಿನ್ನಿಗೆ ಎದುರಾಳಿ. ತೆನೆಯಲ್ಲಿರುವಾಗಲೇ ಕಾಳು ಮೊಳೆಯದಂತೆ ತಡೆಯುವುದರಲ್ಲಿ ಅದರದೇ ದೊಡ್ಡ ಪಾಲು. ನೀರು ಸಾಲದಾದಾಗ ಅದರ ಪ್ರಮಾಣ ಏರಿ, ಖರ್ಚು ನಿಲ್ಲುತ್ತದೆ. ಇದಲ್ಲದೆ ಕೋಶದೊಳಗೇ ಡೆಲ್ಲಾ ಎಂಬ ಪ್ರೋಟೀನುಗಳ ಕಾವಲಿದೆ. 1998ರಲ್ಲಿ ನಾರ್ತ್ ಕ್ಯಾರೊಲಿನಾದ ಡರಮ್‌ನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ತೈ-ಪಿಂಗ್ ಸುನ್ ಅವರ ಬಳಗ ಸಾಸಿವೆ ಜಾತಿಯ ಪುಟ್ಟ ಗಿಡವೊಂದರಲ್ಲಿ ಇಂಥ ಒಂದು ಕಾವಲಿನ ಜೀನನ್ನು ಗುರುತಿಸಿತು. ಜಿಬ್ಬರೆಲಿನ್ ಮಾಡುವ ಕೆಲಸ ಗಿಡವನ್ನು ತಳ್ಳುವುದಲ್ಲ. ಈ ಕಾವಲುಗಾರನನ್ನು ಜಾಗ ಖಾಲಿ ಮಾಡಿಸುವುದು. ಬೆಳೆಯುವ ಶಕ್ತಿ ಮೊದಲೇ ಇತ್ತು, ತಡೆ ಹೋಯಿತು.

ಎಣ್ಣೆಬೀಜಗಳಲ್ಲಿ ಇನ್ನೊಂದು ಹಂತ ಸೇರುತ್ತದೆ. ಅಟ್ಲಾಂಟಾದಿಂದ ದಕ್ಷಿಣಕ್ಕೆ ಹೋದರೆ ಜಾರ್ಜಿಯಾದ ಶೇಂಗಾ ಹೊಲಗಳು; ಅಮೆರಿಕದಲ್ಲಿ ಶೇಂಗಾ ಬೆಳೆಯುವುದರಲ್ಲಿ ಆ ರಾಜ್ಯವೇ ಮೊದಲು. ಚಳ್ಳಕೆರೆಯ ಶೇಂಗಾಕ್ಕೂ ಅಲ್ಲಿಯ ಶೇಂಗಾಕ್ಕೂ ಮೊಳೆಯುವಾಗಿನ ಕಷ್ಟ ಒಂದೇ. ಎಣ್ಣೆ ಸಸಿಯ ಮೈಯೊಳಗೆ ಹರಿದಾಡಲಾರದು. ಅದನ್ನು ಸಕ್ಕರೆಗೆ ಬದಲಿಸಿಕೊಳ್ಳಬೇಕು. ಇದಕ್ಕಾಗಿ ಗ್ಲೈಆಕ್ಸಿಸೋಮ್ ಎಂಬ ಪುಟ್ಟ ಚೀಲಗಳಲ್ಲಿ ವಿಶೇಷ ಕಿಣ್ವಗಳಿವೆ. ಮನುಷ್ಯನಿಗೂ ದನಕ್ಕೂ ಈ ವಿದ್ಯೆ ಇಲ್ಲ. ಕೊಬ್ಬಿನ ಮುಖ್ಯ ಭಾಗವನ್ನು ಸಕ್ಕರೆಯಾಗಿಸಲು ನಮಗೆ ಬಾರದು. ಮೊಳೆಯುವ ಶೇಂಗಾಕ್ಕೆ ಅದು ಮೊದಲ ವಾರದ ದಿನಗೆಲಸ. ಈ ಬದಲಾವಣೆಗೆ ಆಮ್ಲಜನಕ ಧಾರಾಳವಾಗಿ ಬೇಕು. ನೀರು ನಿಂತ ಹೊಲದಲ್ಲಿ ಶೇಂಗಾ ಬೀಜ ಕೊಳೆಯುವುದಕ್ಕೆ ಗಾಳಿ ಸಿಗದಿರುವುದೂ ಕಾರಣ.

ಇನ್ನು ಕಿಟಕಿಯ ಸಸಿಗಳ ವಿಷಯ. ಅವುಗಳ ಗುಟ್ಟು ಬಯಲಾದದ್ದು ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ. ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಹೋಗುವ ದಾರಿಯಲ್ಲಿ, ರಾಜಧಾನಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರ 1910ರಿಂದ ಇದೆ. 1952ರಲ್ಲಿ ಅಲ್ಲಿಯ ಬಾರ್ತ್‌ವಿಕ್, ಹೆಂಡ್ರಿಕ್ಸ್, ಪಾರ್ಕರ್ ಮತ್ತು ಟೂಲ್ ದಂಪತಿ ಲೆಟ್ಯೂಸ್ ಬೀಜಗಳನ್ನು ನೆನೆಸಿ ಕತ್ತಲಲ್ಲಿಟ್ಟು, ಒಂದಿಷ್ಟು ಹೊತ್ತು ಕೆಂಪು ಬೆಳಕು ತೋರಿಸಿದರು. ನೂರಕ್ಕೆ 70 ಮೊಳೆತವು. ಕೆಂಪಿನ ನಂತರ, ನಮ್ಮ ಕಣ್ಣಿಗೆ ಹೆಚ್ಚೂಕಡಿಮೆ ಕಾಣದ ದೂರಕೆಂಪು ಬೆಳಕು ತೋರಿಸಿದರೆ ಮೊಳೆತದ್ದು 6. ಮತ್ತೆ ಕೆಂಪು ಕೊಟ್ಟರೆ ಮತ್ತೆ 70ರ ಮೇಲೆ. ಹೀಗೆ ಎಷ್ಟು ಸಲ ಅದಲುಬದಲು ಮಾಡಿದರೂ ಬೀಜ ಕೇಳುತ್ತಿದ್ದುದು ಕಟ್ಟಕಡೆಯ ಬೆಳಕಿನ ಮಾತನ್ನು ಮಾತ್ರ. ಈ ಎರಡು ಬೆಳಕುಗಳನ್ನು ಅರಿಯುವ ವರ್ಣದ್ರವ್ಯವನ್ನು 1959ರಲ್ಲಿ ಅಲ್ಲಿಯೇ ಪತ್ತೆಹಚ್ಚಿದರು. ಅದರ ಹೆಸರು ಫೈಟೋಕ್ರೋಮ್. ಕೆಂಪು ಬೆಳಕು ಕಂಡ ಬೀಜ ಜಿಬ್ಬರೆಲಿನ್ ಹೆಚ್ಚು ತಯಾರಿಸುತ್ತದೆ ಎಂಬುದು ಆಮೇಲಿನ ಸಂಶೋಧನೆಗಳಿಂದ ತಿಳಿಯಿತು.

ಇದರಲ್ಲಿ ಶುದ್ಧ ವ್ಯವಹಾರಜ್ಞಾನವಿದೆ. ದೊಡ್ಡ ಗಿಡಗಳ ಎಲೆಗಳು ಬಿಸಿಲಿನ ಕೆಂಪನ್ನು ಹೀರಿಕೊಂಡು ದೂರಕೆಂಪನ್ನು ಕೆಳಕ್ಕೆ ಬಿಡುತ್ತವೆ. ಮಣ್ಣಿನ ಮೇಲಿನ ಪುಟ್ಟ ಬೀಜಕ್ಕೆ ದೂರಕೆಂಪು ಹೆಚ್ಚಾಗಿ ತಾಗಿದರೆ, ತಲೆಯ ಮೇಲೆ ಯಾರೋ ಇದ್ದಾರೆ ಎಂದರ್ಥ. ಈಗ ಎದ್ದರೆ ಬಿಸಿಲು ಸಿಗದು, ಬುತ್ತಿ ಸುಮ್ಮನೆ ಮುಗಿಯುತ್ತದೆ. ಹಾಗಾಗಿ ಕಾಯುತ್ತದೆ. ಮೊಳೆತ ಮೇಲೆ ಬೆಳಕು ಸಾಲದಿದ್ದರೆ ಮಾತ್ರ ಹಿಂದೆ ಸರಿಯಲು ದಾರಿಯಿಲ್ಲ. ಆಗ ಆಕ್ಸಿನ್, ಜಿಬ್ಬರೆಲಿನ್, ಬ್ರಾಸಿನೋಸ್ಟೀರಾಯ್ಡ್ ಎಂಬ ಮೂರು ಹಾರ್ಮೋನುಗಳೂ ಸೇರಿ ಒಂದೇ ಅಪ್ಪಣೆ ಹೊರಡಿಸುತ್ತವೆ: ಎಲೆ ಬೇಡ, ಬೇರು ಬೇಡ, ಇರುವುದೆಲ್ಲ ಕಾಂಡದ ಉದ್ದಕ್ಕೆ. ಆಕ್ಸಿನ್ ತಾಗಿದ ಕೋಶಗಳು ಎಟಿಪಿ ಖರ್ಚು ಮಾಡಿ ಗೋಡೆಯ ಕಡೆಗೆ ಆಮ್ಲ ಪಂಪು ಮಾಡುತ್ತವೆ, ಗೋಡೆ ಸಡಿಲವಾಗುತ್ತದೆ, ಕೋಶ ನೀರು ತುಂಬಿಕೊಂಡು ಹಿಗ್ಗುತ್ತದೆ. ಕಾಡಿನ ನೆಲದಲ್ಲಿ ಇದು ಜಾಣತನ. ಹೇಗಾದರೂ ಬೆಳಕಿಗೆ ತಲೆ ಎತ್ತಿದರೆ ಬದುಕಿಕೊಂಡಂತೆ. ಕಿಟಕಿಯೊಳಗೆ ಎಷ್ಟು ಉದ್ದವಾದರೂ ಬೆಳಕು ಹೆಚ್ಚಾಗದು. ಸಸಿಯದು ತಪ್ಪಿಲ್ಲ; ಅದಕ್ಕೆ ಸಿಕ್ಕ ಸುದ್ದಿಯೇ ಅಂಥದ್ದು.

ಹಾಗಾದರೆ ಮದ್ದು ಬಾಟಲಿಯಲ್ಲಿಲ್ಲ. ಸಸಿಯ ತಲೆಯ ಮೇಲೆ ಒಂದು ಗೇಣಿನೊಳಗೆ ಎಲ್‌ಇಡಿ ಟ್ಯೂಬ್‌ಲೈಟನ್ನು ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿದರೆ ಸಾಕು. ಮೊಳೆತ ಮೇಲೆ ಹೀಟರಿನ ಬಿಸಿಯಿಂದ ದೂರ ಇಡಬೇಕು. ಬಿಸಿ ಹೆಚ್ಚಾದಷ್ಟೂ ಉಸಿರಾಟದ ಖರ್ಚೂ ಉದ್ದವೂ ಹೆಚ್ಚು. ದಿನಕ್ಕೆ ಒಂದೆರಡು ಸಲ ಅಂಗೈಯನ್ನು ಸಸಿಗಳ ತುದಿಯ ಮೇಲೆ ಹಗುರವಾಗಿ ಸವರುವುದೂ ಒಳ್ಳೆಯದು. ಗಾಳಿ ಬೀಸುವಲ್ಲಿ ನಿಂತಿದ್ದೇನೆ ಎಂದು ತಿಳಿದು ಸಸಿ ಉದ್ದ ಬಿಟ್ಟು ದಪ್ಪಕ್ಕೆ ಮನಸ್ಸು ಮಾಡುತ್ತದೆ. ಟೊಮೆಟೊ ಸಸಿ ಬೆಳೆಸುವ ಹಸಿರುಮನೆಗಳಲ್ಲಿ ಇದನ್ನು ಯಂತ್ರಗಳಿಂದಲೂ ಮಾಡಿ ನೋಡಿದ್ದಾರೆ.

ಮಣ್ಣಿನೊಳಗಿನ ಕತ್ತಲೆಯಲ್ಲಿ ಇನ್ನೊಂದು ಹಾರ್ಮೋನಿನ ಆಡಳಿತ ನಡೆಯುತ್ತದೆ. ಅದು ಎಥಿಲೀನ್, ಗಾಳಿಯ ರೂಪದ ಹಾರ್ಮೋನು. 1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೆಲ್ಯುಬೊವ್, ದೀಪದ ಅನಿಲ ಸೋರುತ್ತಿದ್ದ ಪ್ರಯೋಗಾಲಯದಲ್ಲಿ ಬಟಾಣಿ ಸಸಿಗಳು ಗಿಡ್ಡವಾಗಿ, ದಪ್ಪವಾಗಿ, ಅಡ್ಡಡ್ಡ ಬೆಳೆಯುವುದನ್ನು ಕಂಡು, ಅನಿಲದಲ್ಲಿದ್ದ ಎಥಿಲೀನೇ ಕಾರಣ ಎಂದು ತೋರಿಸಿದರು. ಮಳೆ ಹೊಡೆದು ಬಿಸಿಲು ಕಾದು ಹೆಪ್ಪುಗಟ್ಟಿದ ಮಣ್ಣನ್ನು ಅವರೆ ಮೊಳಕೆ ಸೀಳಿ ಬರುವುದನ್ನು ನೋಡಿದವರಿಗೆ ಈ ಗಿಡ್ಡತನದ ಅರ್ಥ ತಿಳಿದೀತು. ಮಣ್ಣು ಒತ್ತಿದಾಗ ಮೊಳಕೆ ಎಥಿಲೀನ್ ಹೊರಡಿಸುತ್ತದೆ. ಉದ್ದದ ಖರ್ಚು ಕಡಿತಗೊಂಡು ದಪ್ಪಕ್ಕೆ ಹೋಗುತ್ತದೆ. ಬಗ್ಗಿದ ಕತ್ತು ಇನ್ನಷ್ಟು ಬಿಗಿಯಾಗಿ ಎಳೆಕುಡಿಯನ್ನು ಕಾಪಾಡುತ್ತದೆ.

ಸಸಿಗೆ ಎಥಿಲೀನ್ ಹೇಗೆ ಕೇಳಿಸುತ್ತದೆ ಎಂಬ ಪ್ರಶ್ನೆಗೆ 1993ರಲ್ಲಿ ಎರಡು ದೊಡ್ಡ ಉತ್ತರ ಸಿಕ್ಕವು. ಎಥಿಲೀನ್ ಬಂದು ಕೂರುವ ಪ್ರೋಟೀನಿನ ಇಟಿಆರ್1 ಎಂಬ ಜೀನನ್ನು ಬಿಡಿಸಿದವರಲ್ಲಿ ಮುಂಚೂಣಿಯಲ್ಲಿದ್ದ ಕ್ಯಾರೆನ್ ಚಾಂಗ್ ಮುಂದೆ ವಾಷಿಂಗ್ಟನ್ ಬಳಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬಂದರು. ಅಪ್ಪಣೆಯನ್ನು ಮುಂದಕ್ಕೆ ಒಯ್ಯುವ ಸಿಟಿಆರ್1 ಜೀನನ್ನು ವಿವರಿಸಿದ ಜೋಸೆಫ್ ಕೀಬರ್ ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ನೆಲೆನಿಂತರು. ಅದೇ ರಾಜ್ಯದ ರಾಲಿಯಲ್ಲಿ ಹೋಸೆ ಅಲೊನ್ಸೊ, ಅನ್ನಾ ಸ್ಟೆಪನೋವಾ ದಂಪತಿಯ ಬಳಗ 2008ರಲ್ಲಿ, ಎಥಿಲೀನ್ ಬಂದಾಗ ಬೇರಿನ ತುದಿ ಆಕ್ಸಿನ್ ತಯಾರಿಸಲು ತೊಡಗುವ ದಾರಿಯನ್ನು ಬಿಡಿಸಿತು. ಅಟ್ಲಾಂಟಾಕ್ಕೆ ಹತ್ತಿರದ ಅಥೆನ್ಸ್‌ನಲ್ಲಿ, ಜಾರ್ಜಿಯಾ ವಿಶ್ವವಿದ್ಯಾಲಯದ ಜೋ ಕೀ ಅದಕ್ಕೂ ಮೊದಲೇ ಸೋಯಾ ಮೊಳಕೆಗಳಲ್ಲಿ ಆಕ್ಸಿನ್ ಯಾವ ಜೀನುಗಳನ್ನು ಎಬ್ಬಿಸುತ್ತದೆ ಎಂದು ಹುಡುಕಿದ್ದರು. ಒಂದು ದಿನದ ಕಾರು ಪ್ರಯಾಣದಲ್ಲಿ ಈ ಊರುಗಳನ್ನೆಲ್ಲ ದಾಟಬಹುದು. ಕಾವೇರಿ ಸಂಘದ ವಾಷಿಂಗ್ಟನ್ ಕನ್ನಡಿಗರೂ ನೃಪತುಂಗ ಕೂಟದ ಅಟ್ಲಾಂಟಾ ಕನ್ನಡಿಗರೂ ನೆಂಟರ ಮನೆಗೆ ಓಡಾಡುವ ದಾರಿ ಇದೇ.

ಕ್ಯಾರೊಲಿನಾದ ಬೆಟ್ಟಸಾಲಿನ ಆಚೆ, ಟೆನೆಸ್ಸೀಯ ನಾಕ್ಸ್‌ವಿಲ್‌ನಲ್ಲಿ, ಬ್ರಾಡ್ ಬೈಂಡರ್ ಅವರ ಬಳಗ 2023ರಲ್ಲಿ ಪ್ರಕಟಿಸಿದ ಕೆಲಸ ಈ ಕಥೆಯನ್ನು ಶಕ್ತಿಯ ಲೆಕ್ಕಕ್ಕೆ ನೇರವಾಗಿ ತಂದು ನಿಲ್ಲಿಸುತ್ತದೆ. ಕತ್ತಲಲ್ಲಿ ಮೊಳೆಯುವ ಬೀಜಗಳಿಗೆ ಕೆಲವು ದಿನ ಎಥಿಲೀನ್ ಕೊಟ್ಟು, ಆಮೇಲೆ ಅದನ್ನು ತೆಗೆದು ಬೆಳಕಿನಲ್ಲಿ ಬೆಳೆಸಿದರೆ, ಆ ಗಿಡಗಳು ಮುಂದೆ ದೊಡ್ಡದಾಗಿ ಬೆಳೆದವು. ಉಪ್ಪು, ಬಿಸಿಯಂಥ ಕಷ್ಟಗಳನ್ನು ಚೆನ್ನಾಗಿ ತಾಳಿಕೊಂಡವು. ಬೆಳವಣಿಗೆ ಮತ್ತು ತಾಳಿಕೆ ಸಾಮಾನ್ಯವಾಗಿ ಒಂದನ್ನೊಂದು ಕಡಿಯುತ್ತವೆ. ಇಲ್ಲಿ ಎರಡೂ ಏರಿದವು. ಹೇಗೆ? ಆ ಗಿಡಗಳ ಎಲೆಗಳು ಬೆಳಕಿನಿಂದ ಹೆಚ್ಚು ಇಂಗಾಲ ಹಿಡಿದಿದ್ದವು, ಅವುಗಳಲ್ಲಿ ಸಕ್ಕರೆಯೂ ಪಿಷ್ಟವೂ ಹೆಚ್ಚಿದ್ದವು. ಅಂದರೆ ಇಲ್ಲಿಯೂ ಹಾರ್ಮೋನು ಶಕ್ತಿಯನ್ನು ಕೊಡಲಿಲ್ಲ. ಎಳವೆಯಲ್ಲಿ ಸಿಕ್ಕ ಸೂಚನೆಯಿಂದ ಸಸಿ ತನ್ನ ಗಳಿಕೆಯ ವ್ಯವಸ್ಥೆಯನ್ನು ಬೇರೆ ರೀತಿ ಕಟ್ಟಿಕೊಂಡಿತು. ಗಳಿಸಿದ್ದು ಬಿಸಿಲಿನಿಂದಲೇ.

ಅಪ್ಪಣೆಯನ್ನು ಅನ್ನವೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಖೋಟಾ ಅಪ್ಪಣೆಗಳ ಕಥೆ ನೋಡಬೇಕು. ಜಿಬ್ಬರೆಲಿನ್ ಮೊದಲು ಸಿಕ್ಕದ್ದು ಗಿಡದಲ್ಲಿ ಅಲ್ಲ, ಭತ್ತದ ರೋಗವೊಂದರಲ್ಲಿ. ಶಿಲೀಂಧ್ರ ತಗಲಿದ ಪೈರು ಅಕ್ಕಪಕ್ಕದವುಗಳಿಗಿಂತ ಎತ್ತರವಾಗಿ, ಪೇಲವವಾಗಿ ಬೆಳೆದು ಕೊನೆಗೆ ಒಣಗುತ್ತದೆ. ಉಳಿದರೂ ತೆನೆ ಜೊಳ್ಳು. 1926ರಲ್ಲಿ ಜಪಾನಿ ವಿಜ್ಞಾನಿ ಕುರೊಸಾವಾ, ಈ ಎತ್ತರಕ್ಕೆ ಶಿಲೀಂಧ್ರ ಹೊರಸೂಸುವ ವಸ್ತುವೇ ಕಾರಣ ಎಂದು ತೋರಿಸಿದರು. 1938ರಲ್ಲಿ ಯಬುಟಾ ಮತ್ತು ಸುಮಿಕಿ ಅದನ್ನು ಹರಳಾಗಿ ಬೇರ್ಪಡಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ವಿದ್ಯೆ ಅಮೆರಿಕಕ್ಕೆ ಬಂದಾಗ ಅದನ್ನು ಮೊದಲು ಕೈಗೆತ್ತಿಕೊಂಡ ತಾಣಗಳಲ್ಲಿ ಮೇರಿಲ್ಯಾಂಡಿನ ಫ್ರೆಡೆರಿಕ್ ಊರಿನ ಸೇನಾ ಪ್ರಯೋಗಾಲಯವೂ ಒಂದು. ರೋಗ ಹಿಡಿದ ಆ ಪೈರಿಗೆ ಯಾವ ಹಾರ್ಮೋನಿನ ಕೊರತೆಯೂ ಇರಲಿಲ್ಲ. ಖರ್ಚಿನ ಅಪ್ಪಣೆ ಬಂತು, ಖರ್ಚಾಯಿತು, ತುಂಬುವವರಿರಲಿಲ್ಲ.

ಎರಡನೆಯ ಖೋಟಾ ಅಪ್ಪಣೆ ಮನುಷ್ಯನೇ ಮಾಡಿದ್ದು. 2,4-ಡಿ ಎಂಬುದು ಆಕ್ಸಿನ್ನಿನ ನಕಲು. 1944ರಲ್ಲಿ ಬೆಲ್ಟ್ಸ್‌ವಿಲ್‌ನ ಮಾರ್ತ್ ಮತ್ತು ಜಾನ್ ಮಿಚೆಲ್, ಹುಲ್ಲುಹಾಸಿನ ಮೇಲೆ ಅದನ್ನು ಸಿಂಪಡಿಸಿದರೆ ಹುಲ್ಲು ಉಳಿದು ಅಗಲ ಎಲೆಯ ಡ್ಯಾಂಡೆಲಿಯನ್ ಕಳೆ ಸಾಯುತ್ತದೆ ಎಂದು ತೋರಿಸಿದರು. ಗಿಡ ತನ್ನ ಆಕ್ಸಿನ್ನನ್ನು ಬೇಕಾದಾಗ ಮಾಡಿ, ಬೇಡವಾದಾಗ ಅಳಿಸುತ್ತದೆ. ನಕಲನ್ನು ಅಷ್ಟು ಸುಲಭವಾಗಿ ಅಳಿಸಲಾರದು. ಬೆಳೆ ಎಂಬ ಅಪ್ಪಣೆ ನಿಲ್ಲುವುದೇ ಇಲ್ಲ. ಕಾಂಡ ತಿರುಚಿ, ಎಲೆ ಮುರುಟಿ, ಗಿಡ ಸಾಯುತ್ತದೆ. ನಮ್ಮ ಭತ್ತದ ಗದ್ದೆಗಳಿಗೂ ಇದು ಕಳೆನಾಶಕವಾಗಿ ಬಂತು. ವಿಯೆಟ್ನಾಮಿನ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್‌ನಲ್ಲಿ ಅರ್ಧ ಪಾಲು ಇದರದೇ. ಅದೇ ಮಿಚೆಲ್ 1970ರಲ್ಲಿ ಅದೇ ಬೆಲ್ಟ್ಸ್‌ವಿಲ್‌ನಿಂದ, ಸಾಸಿವೆ ಕುಲದ ಹೂವಿನ ಪರಾಗದಲ್ಲಿ ಹೊಸ ಬೆಳವಣಿಗೆಯ ವಸ್ತುವಿದೆ ಎಂದು ಪ್ರಕಟಿಸಿದರು. ಆ ಪ್ರಬಂಧದಲ್ಲಿ ಎನ್. ಮಂಡವ ಎಂಬ ಹೆಸರೂ ಇದೆ. ಜೇನ್ನೊಣಗಳು ಕೂಡಿಟ್ಟ ಇನ್ನೂರು ಕಿಲೋಗೂ ಹೆಚ್ಚು ಪರಾಗವನ್ನು ಸೋಸಿದಾಗ ಕೆಲವೇ ಮಿಲಿಗ್ರಾಂ ಹರಳು ಸಿಕ್ಕಿತು. 1979ರಲ್ಲಿ ಅದರ ರಚನೆ ತಿಳಿಯಿತು. ಅದೇ ಬ್ರಾಸಿನೋಸ್ಟೀರಾಯ್ಡ್ ಗುಂಪಿನ ಬ್ರಾಸಿನೋಲೈಡ್. ಅದರ ತಂಗಿಯಾದ ಹೋಮೋಬ್ರಾಸಿನೋಲೈಡ್ ಇಂದು ನಮ್ಮ ಗೊಬ್ಬರದ ಅಂಗಡಿಗಳಲ್ಲಿ ನೂರಕ್ಕೆ 0.04 ಪಾಲಿನ ದ್ರಾವಣವಾಗಿ ಸಿಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಪಾಠ ಹಸಿರು ಕ್ರಾಂತಿಯದು. 1966ರಲ್ಲಿ ಬಂದ ಐಆರ್8 ಭತ್ತ ಗಿಡ್ಡ. ಅದರಲ್ಲಿ ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವ ಕೆಟ್ಟಿದೆ ಎಂದು 2002ರಲ್ಲಿ ತಿಳಿಯಿತು. ಗಿಡ್ಡ ಗೋಧಿಯಲ್ಲಿ ಹಾರ್ಮೋನು ಬಂದರೂ ಜಗ್ಗದ ಡೆಲ್ಲಾ ಕಾವಲು ಇದೆ ಎಂದು 1999ರಲ್ಲೇ ಗೊತ್ತಾಗಿತ್ತು. ಉದ್ದದ ಅಪ್ಪಣೆ ಕುಗ್ಗಿದ್ದರಿಂದ ಹುಲ್ಲಿಗೆ ಹೋಗುತ್ತಿದ್ದ ಶಕ್ತಿ ಕಾಳಿಗೆ ಹೋಯಿತು. ಗೊಬ್ಬರ ಹಾಕಿದರೂ ಪೈರು ಮಲಗಲಿಲ್ಲ. ಬೆಳವಣಿಗೆಯ ಹಾರ್ಮೋನಿನ ಕೈ ಕಟ್ಟಿದ್ದರಿಂದ ಕೋಟ್ಯಂತರ ಜನರ ಹೊಟ್ಟೆ ತುಂಬಿತು.

ಹಾಗೆಂದು ಹಾರ್ಮೋನು ಸಿಂಪಡಣೆ ಎಲ್ಲವೂ ಮೋಸವೆಂದಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಬೀಜರಹಿತ ಗೊನೆಗಳಿಗೆ ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ, ಕೊಟ್ಟು ಹಣ್ಣು ದಪ್ಪ ಮಾಡುತ್ತಾರೆ. ಹಣ್ಣಿನೊಳಗೆ ಬೀಜ ಇದ್ದಿದ್ದರೆ ಅದೇ ಆ ಹಾರ್ಮೋನನ್ನು ಕೊಡುತ್ತಿತ್ತು. ಬೀಜವಿಲ್ಲದ್ದರಿಂದ ಹೊರಗಿನಿಂದ ಕೊಡಬೇಕು. ಅದು ಫಲಿಸುವುದು ಬಳ್ಳಿಯಲ್ಲಿ ದುಡಿಯುವ ಎಲೆಗಳಿದ್ದು, ಹೆಚ್ಚಿನ ಗೊನೆಗಳನ್ನು ಕಿತ್ತು ಹಾಕಿ, ಸಕ್ಕರೆ ಸಾಲುವಂತೆ ಮಾಡಿದಾಗ. ಅನುಭವಿ ಬೆಳೆಗಾರ ಮೊದಲು ಎಲೆ ಎಣಿಸಿ ಆಮೇಲೆ ಔಷಧ ಅಳೆಯುತ್ತಾನೆ. ಎರಡೆಲೆಯ ಬಡ ಸಸಿಗೆ ಅದೇ ಜಿಎ ಹೊಡೆದರೆ ಕಿಟಕಿಯ ಸಸಿಗೆ ಆದದ್ದೇ ಅದಕ್ಕೂ ಆಗುತ್ತದೆ: ಕಣ್ಣಿಗೆ ಎತ್ತರ, ಮೈಗೆ ಬಡತನ.

ಕಾನೂನು ಕೂಡ ಈ ವ್ಯತ್ಯಾಸ ಬಲ್ಲದು. ಜಿಬ್ಬರೆಲಿಕ್ ಆಮ್ಲದಂಥ ಬೆಳವಣಿಗೆ ನಿಯಂತ್ರಕಗಳು ನಮ್ಮಲ್ಲಿ ಗೊಬ್ಬರದ ಪಟ್ಟಿಯಲ್ಲಿಲ್ಲ. 1968ರ ಕೀಟನಾಶಕ ಕಾಯ್ದೆಯ ಅಡಿ ನೋಂದಣಿಯಾಗಬೇಕು. ಜೈವಿಕ ಉತ್ತೇಜಕಗಳೆಂದು ಮಾರುವ ಸರಕನ್ನು 2021ರ ಫೆಬ್ರುವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದರು. ಬಾಟಲಿ ಕೊಳ್ಳುವವರಿಗೆ ಒಳಗಿರುವುದೇನು, ಅದಕ್ಕೆ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳುವ ಹಕ್ಕು ಇದರಿಂದ ಬರುತ್ತದೆ. ಕೇಳಬೇಕು.

ಇಷ್ಟನ್ನೆಲ್ಲ ತಿಳಿಸಿಕೊಟ್ಟ ಬೆಲ್ಟ್ಸ್‌ವಿಲ್‌ಗೂ ಒಂದು ಅಪ್ಪಣೆ ಬಂದಿದೆ. 2025ರ ಜುಲೈನಲ್ಲಿ ಅಮೆರಿಕದ ಕೃಷಿ ಇಲಾಖೆ, ವಾಷಿಂಗ್ಟನ್ ಸುತ್ತಲಿನ ತನ್ನ ಬಹುಪಾಲು ನೌಕರರನ್ನು ದೇಶದ ಐದು ಕಡೆಗೆ ಕಳಿಸುವುದಾಗಿಯೂ ಬೆಲ್ಟ್ಸ್‌ವಿಲ್ ಕೇಂದ್ರವನ್ನು ವರ್ಷಗಳ ಅವಧಿಯಲ್ಲಿ ತೆರವು ಮಾಡುವುದಾಗಿಯೂ ಪ್ರಕಟಿಸಿತು. ಐದರಲ್ಲಿ ಒಂದು ನಾರ್ತ್ ಕ್ಯಾರೊಲಿನಾದ ರಾಲಿ. ರಾಲಿಯ ನೆಲ ಬರಡೇನಲ್ಲ, ಅಲ್ಲಿಯ ವಿದ್ವತ್ತನ್ನು ಮೇಲೆ ನೋಡಿದೆವು. ಕಚೇರಿಯ ಮೇಜು ಕುರ್ಚಿಗಳು ಲಾರಿಯಲ್ಲಿ ಹೋಗುತ್ತವೆ. ಲೆಟ್ಯೂಸ್ ಬೀಜಕ್ಕೆ ಬೆಳಕು ತೋರಿಸಿದವರಿಂದ ಪರಾಗ ಸೋಸಿದವರವರೆಗೆ, ಒಬ್ಬರ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಕೂತು ಹತ್ತಾರು ವರ್ಷ ಕೂಡಿಟ್ಟ ತಿಳಿವಳಿಕೆ, ಹಳೆಯ ಪ್ರಯೋಗದ ಹೊಲಗಳ ಮಣ್ಣು, ಊರು ಬಿಡಲಾರದೆ ಕೆಲಸ ಬಿಡುವ ವಿಜ್ಞಾನಿ ಇವು ಹೋಗುವುದಿಲ್ಲ. ಸರ್ಕಾರದ ಆದೇಶವೂ ಹಾರ್ಮೋನಿನಂತೆ ಸಂಗ್ರಹವನ್ನು ಖರ್ಚು ಮಾಡಿಸಬಲ್ಲದು, ಬೇರೆ ಕಡೆಗೆ ಹರಿಸಬಲ್ಲದು. ಸಂಗ್ರಹವನ್ನು ತುಂಬಿಸುವ ಶಕ್ತಿ ಆದೇಶದ ಕಾಗದಕ್ಕಿಲ್ಲ. ಅದಕ್ಕೆ ವರ್ಷಗಳೇ ಬೇಕು. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದ ಹುದ್ದೆಗಳನ್ನು ತುಂಬದೆ ಹೊಸ ಯೋಜನೆಗಳನ್ನು ಘೋಷಿಸುವವರೂ ಇದನ್ನು ನೆನಪಿಟ್ಟರೆ ಒಳ್ಳೆಯದು.

ರೈತರಿಗೂ ಕೈತೋಟದವರಿಗೂ ಹೇಳುವುದು ಇಷ್ಟು. ಸಸಿಯ ಮೊದಲ ಶಕ್ತಿ ಹಿಂದಿನ ವರ್ಷ ತಾಯಿಗಿಡದ ಮೇಲೆ ಬಿದ್ದ ಬಿಸಿಲು, ಸಿಕ್ಕ ನೀರು. ಆದ್ದರಿಂದ ಬೀಜಕ್ಕೆ ಬಿಡುವ ಗಿಡಕ್ಕೆ ಹೊಲದಲ್ಲಿ ಒಳ್ಳೆಯ ಜಾಗ ಕೊಡಿ, ಕಾಳು ಪೂರ್ತಿ ಬಲಿಯುವವರೆಗೆ ಕಾಯಿರಿ, ತೇವ ತಾಗದಂತೆ ಇಡಿ. ತೇವ ತಾಗಿದ ಬೀಜ ಮೂಟೆಯಲ್ಲೇ ಉಸಿರಾಡಿ ಬಡವಾಗುತ್ತದೆ. ಭತ್ತ ಬಿತ್ತುವ ಮುನ್ನ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಹಾಕಿದ ನೀರಿಗೆ ಬೀಜ ಸುರಿದು, ತೇಲಿದ್ದನ್ನು ತೆಗೆದುಹಾಕಿ, ಮುಳುಗಿದ್ದನ್ನು ಒಳ್ಳೆಯ ನೀರಿನಲ್ಲಿ ತೊಳೆದು ಬಿತ್ತಿ. ಈ ಪರೀಕ್ಷೆಗೆ ತಗಲುವುದು ಒಂದಿಷ್ಟು ಉಪ್ಪು. ಅದರಲ್ಲಿ ತೇಲಿದ ಜೊಳ್ಳನ್ನು ಯಾವ ಕಂಪನಿಯ ಯಾವ ಹಾರ್ಮೋನೂ ಗಟ್ಟಿಕಾಳು ಮಾಡಲಾರದು.